ಅತ್ತೆಬಂಡೆಯ ಕೆಂಪು ಚುಕ್ಕೆ

ತಾ. 3, ಸೋಮವಾರ. ಬೆಳಿಗ್ಗೆ ಹನ್ನೊಂದು

ಓದ್ತಿದ್ದೀಯಾ? ಓದು. ಕಣ್ಣಿಗೆ ಬೇರೆ ಕೆಲಸ ಇಲ್ಲದವರು ಪ್ರತಿ ಮನೆಯಲ್ಲೂ ಒಬ್ಬರು ಇರ್ತಾರೆ. ಯಾರೇ ಆಗಿರು, ಮೊದಲು ಕೈ ತೊಳಕೊಂಡು ಬಾ. ಮೊನ್ನೆ ಪುಟದ ಮೂಲೆಯಲ್ಲಿ ಎಣ್ಣೆ ಬೆರಳು ಮೂಡಿತ್ತು. ನನ್ನದಲ್ಲ — ನನ್ನ ಬೆರಳಿಗೆ ಬಲೆದಾರ ಕೊಯ್ದ ಗೆರೆ ಇದೆ. ಮೂರನೇ ಕ್ಲಾಸು ಓದಿದ ಮುದುಕಿಯ ಕಾಗೆಕಾಲು ಅಕ್ಷರದಲ್ಲಿ ಯಾವ ನಿಧಿ ಹುಡುಕ್ತೀಯೋ. ನಾಚಿಕೆ ಇದ್ದರೆ ಮುಚ್ಚು. ಇಲ್ಲದಿದ್ದರೆ ಬಗ್ಗಿ ಕೂತು ಓದು, ಸೊಂಟ ಹಿಡೀಲಿ.

ದೊಡ್ಡವನು ಬೋಟು ಕಟ್ಟಿ ಬಂದ. ಮುಖ ಸುಟ್ಟ ಬದನೆಕಾಯಿ. ಬಲೆ ಇವತ್ತೂ ಖಾಲಿ.

"ನಾನು ಹೋಗೋ ಹೊತ್ತಿಗೆ ಯಾರೋ ಬಾಚಿಕೊಂಡು ಹೋಗಿದ್ದಾರೆ ಅಮ್ಮಾ. ಎಂಟನೇ ಪಾಯಿಂಟಲ್ಲೂ ಅದೇ, ಹನ್ನೊಂದರಲ್ಲೂ ಅದೇ. ನಮ್ಮ ಚುಕ್ಕೆ ಯಾರಿಗೋ ಸಿಕ್ಕಿದೆ."

ಚುಕ್ಕೆ ಅಂದರೆ ಯಜಮಾನರ ಆಸ್ತಿ. ಅವರಿಗೆ ಕಣ್ಣು ಮಂದವಾಗೋಕೆ ಶುರುವಾದ ವರ್ಷ ದೊಡ್ಡವನು ಅವರನ್ನು ಬೋಟಲ್ಲಿ ಕೂರಿಸಿಕೊಂಡು ಸಮುದ್ರ ಸುತ್ತಿಸಿದ. ಅವರು ದಡದ ಹೊಗೆಕೊಳವೆ, ನೀರಿನ ಟ್ಯಾಂಕು ಯಾವುದರ ಹಿಂದೆ ಯಾವುದು ಅಡಗುತ್ತೆ ನೋಡಿ ಜಾಗ ಹೇಳೋದು, ಇವನು ಟ್ಯಾಬಿನ ಮೇಲೆ ಬೆರಳು ಒತ್ತೋದು. ಮೀನಿರೋ ಕಡೆ ಹಸಿರು ಚುಕ್ಕೆ. ಮುಳುಗುಬಂಡೆ ಇರೋ ಕಡೆ ಕೆಂಪು. ಆಮೇಲೆ ಅವರು ಹೋದರು. ಕಣ್ಣು ಮಾತ್ರ ಆ ಹಲಗೆಯೊಳಗೆ ಉಳೀತು.

ಚಿಕ್ಕವನಿಗೆ ಚುಕ್ಕೆ ಕೊಡಲಿಲ್ಲ. ಅವನು ಅಷ್ಟರಲ್ಲೇ ಜಗಳ ಆಡಿ ಬೇರೆ ಬೋಟು ಮಾಡಿದ್ದ. ಬೇರೆ ಹೋದವನಿಗೆ ಬೇರೆ ಸಮುದ್ರ ಇದೆ ಅಂದ ದೊಡ್ಡವನು. ನಾನೂ ಹೂಂ ಅಂದೆ.

ತಾ. 4, ಮಂಗಳವಾರ. ಸಂಜೆ

ಹೋದ ತಿಂಗಳು ಟ್ಯಾಬಿನ ಗಾಜು ಒಡೆದಿತ್ತು. ಎರಡು ದಿನ ಫೋನ್ ರಿಪೇರಿಯವನ ಅಂಗಡಿಯಲ್ಲಿತ್ತು. ಕದ್ದವನು ಅವನೇ ಅಂತ ದೊಡ್ಡವನ ಲೆಕ್ಕ. ಇವತ್ತು ಹೋದ. ನಾನು ಎದುರಂಗಡಿಯಲ್ಲಿ ಬಲೆದಾರ ಆರಿಸ್ತಾ ಇದ್ದೆ.

"ಯಾರಿಗೆ ಕೊಟ್ಟೆ?"

"ಏನು ಅಣ್ಣಾ?"

"ಪಾಯಿಂಟು."

"ಗಾಜು ಹಾಕಿದೆ ಅಣ್ಣಾ. ಒಳಗೆ ಇಣುಕಿಲ್ಲ. ನನಗೆ ಮೀನು ತಿಂದರೇ ಆಗಲ್ಲ, ಪಾಯಿಂಟು ತಗೊಂಡು ಏನು ಮಾಡಲಿ?"

ಅವನ ಬಲಗೈ ಹಿಡಿದು ಹೊಸ್ತಿಲ ಮೇಲೆ ಒತ್ತಿ ಶಟರ್ ಎಳೆದ. ಮೊದಲ ಸಲ ಅವನು ಕಿರುಚಿದ. ಎರಡನೇ ಸಲಕ್ಕೆ ಬೆರಳು ಮುರಿದ ಸದ್ದು ರಸ್ತೆ ಈಚೆಗೂ ಕೇಳಿಸ್ತು. ಒಣಕಡ್ಡಿ ಹಾಗೆ. ಬೆರಳು ಮೂರು. ಜನ ತಂತಮ್ಮ ಕಾಲು ನೋಡಿಕೊಂಡು ನಡೆದರು. ನಾನು ದಾರದ ಉಂಡೆ ನೋಡಿದೆ.

ಮನೆಗೆ ಬಂದ ಮೇಲೆ ಅಂದೆ — "ಬಲಗೈ ಬಿಡಬೇಕಿತ್ತು. ಕೆಲಸದ ಕೈ."

"ಎಡಗೈಯಲ್ಲಿ ಕದೀತಾನೇನಮ್ಮಾ?"

ನಕ್ಕೆ. ಬರೆದಿಡ್ತೀನಿ. ನಕ್ಕೆ.

ತಾ. 7, ಶುಕ್ರವಾರ

ಮೂರು ದಿನದಿಂದ ಬೆಳಗಿನ ಮಂಜು. ಮೂಗಿನ ತುದಿ ಕಾಣಲ್ಲ. ಕಳ್ಳನಿಗೆ ಮಾತ್ರ ಎಲ್ಲ ಕಾಣುತ್ತೆ. ಇವತ್ತು ಹದಿನಾಲ್ಕನೇ ಪಾಯಿಂಟು ಖಾಲಿ.

ಮೊಮ್ಮಗಳು ತಟ್ಟೆ ದೂಡಿ ಎದ್ದಳು. ದೊಡ್ಡವನ ಮಗಳು. ಅವಳ ಅಮ್ಮ ಸತ್ತು ಏಳು ವರ್ಷ, ಅವತ್ತಿಂದ ನನ್ನ ಕೋಣೆಯಲ್ಲೇ ಮಲಗ್ತಾಳೆ. ಐಸ್ ಫ್ಯಾಕ್ಟರಿ ಆಫೀಸಿನಲ್ಲಿ ಟೈಪ್ ಮಾಡೋ ಕೆಲಸ. ಶನಿವಾರ ಶನಿವಾರ ಟ್ಯಾಬಿನ ಚುಕ್ಕೆಯೆಲ್ಲ ತನ್ನ ಫೋನಿಗೆ ನಕಲು ತೆಗೆದಿಡೋದೂ ಅವಳೇ. ಟ್ಯಾಬು ನೀರಿಗೆ ಬಿದ್ದರೂ ತಾತನ ಚುಕ್ಕೆ ಉಳೀಬೇಕು ಅಂತಾಳೆ. ಭಾನುವಾರ ಚಿಕ್ಕಪ್ಪನ ಮನೆಗೆ ಹೋಗ್ತಾಳೆ. ಆ ಎರಡು ಮನೆ ನಡುವೆ ಈಗ ಓಡಾಡೋ ಕಾಲು ಅವಳವೇ.

"ರಿಪೇರಿಯವನಲ್ಲ ಅಜ್ಜಿ."

"ನಿನಗೆ ಹೇಗೆ ಗೊತ್ತು?"

ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ತಾ. 9, ಭಾನುವಾರ

ಪುಸ್ತಕದ ನಡುವೆ ನನ್ನ ಒಂದು ಬಿಳಿಕೂದಲು ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಇಲ್ಲ. ಸಿಕ್ಕಿಬಿದ್ದೆ ನೀನು. ಹಾಸಿಗೆ ಕೆಳಗೆ ಇಡ್ತಿದ್ದೆನಲ್ಲ, ನಿನಗೆ ಸುಲಿದ ಹಣ್ಣಾಗಿತ್ತು. ಇವತ್ತಿಂದ ಜಾಗ ಬೇರೆ. ಎಲ್ಲಿ ಅಂತ ಬರೆಯೋಕೆ ನನಗೆ ಹುಚ್ಚಿಲ್ಲ. ಹುಡುಕು. ಹುಡುಕಿ ಸಾಯಿ.

ತಾ. 12, ಬುಧವಾರ. ಮಧ್ಯಾಹ್ನ

ದೊಡ್ಡವನು ಅಡುಗೆಮನೆ ಗೋಡೆಗೆ ಲೋಟ ಎಸೆದ. ಒಬ್ಬೊಬ್ಬನ ಹೆಸರು ಹೇಳ್ತಾ ಇದ್ದ, ಇವನ ಕೈ ಮುರೀತೀನಿ, ಅವನ ಬೋಟಿಗೆ ಬೆಂಕಿ ಇಡ್ತೀನಿ.

"ಇಲಿ ಯಾವುದು ಅಂತ ಊರೆಲ್ಲ ಹೊಡೀಬೇಡ," ಅಂದೆ. "ಬೋನು ಇಡು."

"ಎಲ್ಲಿ?"

"ಅತ್ತೆಬಂಡೆ ಮೇಲೆ."

ಆ ಹೆಸರು ಯಜಮಾನರು ಇಟ್ಟದ್ದು. ಅವರ ಅತ್ತೆ, ಅಂದರೆ ನನ್ನಮ್ಮನ ಹಾಗೆ — ನೀರೊಳಗೆ ಸುಮ್ಮನೆ ಕೂತಿರುತ್ತೆ, ಹತ್ತಿರ ಹೋದವನ ಹೊಟ್ಟೆ ಬಗೆಯುತ್ತೆ. ನೀರಿಳಿತದಲ್ಲಿ ಮಾತ್ರ ಎರಡು ಹಲ್ಲು ತೋರಿಸುತ್ತೆ. ಟ್ಯಾಬಿನ ಜೊತೆ ಕೊಂಡ ನಕ್ಷೆಯಲ್ಲಿ ಅಲ್ಲಿ ಬರೀ ನೀಲಿ. ನಮ್ಮ ಕೆಂಪು ಚುಕ್ಕೆ ಬಿಟ್ಟರೆ ಅದಕ್ಕೆ ಬೇರೆ ಗುರುತಿಲ್ಲ.

"ಆ ಕೆಂಪು ಅಳಿಸು. ಅಲ್ಲೇ ಹಸಿರು ಇಡು. ಹೊಸ ಜಾಗ ಅಂತ ಬರಿ. ನಮ್ಮ ಚುಕ್ಕೆ ಯಾರ ಕೈಗೆ ಹೋಗ್ತಿದೆಯೋ ಇದೂ ಅವನ ಕೈಗೇ ಹೋಗುತ್ತೆ. ಹಗಲು ಬೆಳಕಲ್ಲಿ ಬರೋನು ನೊರೆ ನೋಡಿ ತಿರುಗಿಸ್ತಾನೆ. ಮಂಜಲ್ಲಿ ಕದಿಯೋಕೆ ಬರೋನೇ ಹತ್ತೋದು."

ಅವನು ಟ್ಯಾಬು ಎದುರಿಗೆ ಎಳಕೊಂಡ.

"ಯಾರಾದರೂ ಸತ್ತರೆ?"

"ಸಾಯಲ್ಲ. ಈಜಿ ಬರ್ತಾನೆ. ಒದ್ದೆ ಬಟ್ಟೇಲಿ ನಿಂತ ಕಳ್ಳನನ್ನು ಬಂದರೆಲ್ಲ ನೋಡುತ್ತೆ. ನಿನಗೆ ಮಾತ್ರ ನೆನಪಿರಲಿ."

"ಅತ್ತೆಬಂಡೆ ಮರೆತರೆ ನಾನು ಅಪ್ಪನ ಮಗನೇ ಅಲ್ಲ."

ದಪ್ಪ ಹೆಬ್ಬೆಟ್ಟು. ಎರಡು ಸಲ ತಪ್ಪಿ ಮೂರನೇ ಸಲ ಒತ್ತಿದ. ಕೆಂಪು ಹೋಯ್ತು. ಹಸಿರು ಬಂತು. ಮಗಳನ್ನು ಕರೀಲಾ ಅಂದ. ಬೇಡ ಅಂದೆ. ಅವಳ ಬಾಯಿಗೆ ಬಿದ್ದದ್ದು ಐಸ್ ಫ್ಯಾಕ್ಟರಿ ತನಕ ಹರಿಯುತ್ತೆ.

ತಾ. 15, ಶನಿವಾರ

ಮೊಮ್ಮಗಳು ಟ್ಯಾಬು ಒರೆಸಿ, ನಕಲು ತೆಗೆದು, ಚಾರ್ಜಿಗೆ ಹಾಕಿದಳು. ಆಮೇಲೆ ಕೋಣೆಗೆ ಹೋದರೆ ನನ್ನ ಹಾಸಿಗೆ ಮಗುಚಿ ಬಿದ್ದಿದೆ. ದಿಂಬಿನ ಚೀಲ ಒಳಹೊರಗು.

"ಏನು ಕಳಕೊಂಡೆ?"

"ಏನಿಲ್ಲ ಅಜ್ಜಿ. ಜಿರಳೆ."

ಓಹೋ. ಓದು ಬಲ್ಲ ಜಿರಳೆ.

ಪುಸ್ತಕ ಹಿಟ್ಟಿನ ಡಬ್ಬದ ತಳದಲ್ಲಿ ಬೆಚ್ಚಗಿತ್ತು. ಮನಸ್ಸಿನಲ್ಲೇ ನಕ್ಕೆ. ಈ ತಿಂಗಳು ಎರಡನೇ ಸಲ.

ತಾ. 17, ಸೋಮವಾರ. ಬೆಳಿಗ್ಗೆ ಒಂಬತ್ತು

ಮಂಜು. ಇವತ್ತು ದೊಡ್ಡವನು ಬೇಕಂತಲೇ ಬೋಟು ಬಿಟ್ಟಿಲ್ಲ. ಬಂದರಿನ ಕಡೆ ಕೂಗು. ಅತ್ತೆಬಂಡೆಗೆ ಬೋಟು ಹತ್ತಿದೆಯಂತೆ. ದೊಡ್ಡವನು ಚಪ್ಪಲಿ ಮೆಟ್ಟದೆ ಓಡಿದ. ಓಡ್ತಾ ತಿರುಗಿ ನೋಡಿದ — "ಸಿಕ್ಕಿದ ಅಮ್ಮಾ." ಹಲ್ಲು ಕಾಣ್ತಿತ್ತು. ನಾನೂ ಹೊರಟೆ. ಬಲೆ ಸೂಜಿ ಕೈಯಲ್ಲೇ ಇದೆ, ಹೋಗಿ ಬಂದು ಬರೀತೀನಿ

ತಾ. 18, ಮಂಗಳವಾರ

ಚಿಕ್ಕವನು.

ಚಿಕ್ಕವನ ಬೋಟು.

ತಾ. 19, ಬುಧವಾರ

ಬರೆದು ಮುಗಿಸ್ತೀನಿ.

ಬೋಟಲ್ಲಿ ಇಬ್ಬರು. ಚಿಕ್ಕವನು, ಅವನ ಭಾವ. ಭಾವ ಅಂದರೆ ಚಿಕ್ಕ ಸೊಸೆಯ ಅಣ್ಣ. ಹುಟ್ಟಿದಾಗಿಂದ ಸಿಳ್ಳೆ ಹೊಡೀತಾನೆ, ಅದಕ್ಕೆ ಎಲ್ಲರಿಗೂ ಅವನು ಸಿಳ್ಳೆ. ಪೂರ್ತಿ ಸ್ಪೀಡಲ್ಲಿ ಬಂದಿದ್ದಾರೆ. ಬಂಡೆಯ ಹಲ್ಲು ಬೋಟಿನ ತಳ ಸೀಳಿಕೊಂಡು ಇಂಜಿನ್ ತನಕ ಹೋಗಿದೆ. ಬಲೆಯ ಹಗ್ಗ ಚಿಕ್ಕವನ ಎಡಗೈಗೆ ಸುತ್ತಿ ಮೊಣಕೈಯಿಂದ ಕಿತ್ತಿದೆ. ಸಿಳ್ಳೆ ಮುಂದಕ್ಕೆ ಹಾರಿ ಬಿದ್ದ, ಬೋಟು ಅವನ ಮೇಲೆ ವಾಲಿತು. ಸೊಂಟದ ಕೆಳಗೆ ಬೋಟು, ಬೆನ್ನಿಗೆ ಬಂಡೆ.

ಮಂಜಲ್ಲಿ ಹುಡುಕಲು ಹೋದವರಿಗೆ ದಾರಿ ತೋರಿಸಿದ್ದು ಅವನ ಸಿಳ್ಳೆ. ಇಂಜಿನ್ ನಿಲ್ಲಿಸಿ ಕಿವಿಗೊಟ್ಟರಂತೆ. ಕೇಳ್ತಿತ್ತಂತೆ. ನೀರು ಏರ್ತಾ ಇತ್ತು. ಇವರು ಮುಟ್ಟೋಕೆ ಮೊದಲು ನಿಂತುಹೋಯ್ತು.

ಮುಳುಗಿ ಹೆಣ ಬಿಡಿಸಿ ತಂದವನು ದೊಡ್ಡವನು. ಹೆಗಲ ಮೇಲೆ ಹೊತ್ತು ಬಂದರಿನ ಮೆಟ್ಟಿಲು ಹತ್ತಿದ. ಸಿಳ್ಳೆಯ ಕಾಲು ಒದ್ದೆ ಬಟ್ಟೆ ಹಾಗೆ ಇವನ ಬೆನ್ನಿಗೆ ಬಡೀತಾ ಇತ್ತು. ನನ್ನ ಮುಂದೆ ಬಂದಾಗ ನಿಂತ. ನನ್ನ ಮುಖ ನೋಡಲಿಲ್ಲ. ಸೂಜಿ ನನ್ನ ಅಂಗೈಯಲ್ಲಿ ಅರ್ಧ ಇಳಿದಿತ್ತು. ಮನೆಗೆ ಬಂದ ಮೇಲೆ ಗೊತ್ತಾಯ್ತು.

ಚಿಕ್ಕ ಸೊಸೆ ನನ್ನ ಕಾಲು ಹಿಡಿದು ಅತ್ತಳು. "ಅತ್ತೇ, ಅಷ್ಟು ಗೊತ್ತಿರೋ ಬಂಡೆ, ಅಲ್ಲಿಗೆ ಯಾಕೆ ಹೋದರು ಅತ್ತೇ?"

ಕಾಲು ಎಳಕೊಳ್ಳೋಕೂ ಆಗಲಿಲ್ಲ.

ತಾ. 22, ಶನಿವಾರ. ಮಧ್ಯಾಹ್ನ ಎರಡು

ಆಸ್ಪತ್ರೆಯಿಂದ ಹೇಳದೆ ಎದ್ದು ಬಂದಿದ್ದಾನೆ ಚಿಕ್ಕವನು. ಎಡಗೈ ಇರೋ ಕಡೆ ಬಟ್ಟೆ ಗಂಟು, ಅದರಲ್ಲಿ ಕೆಂಪು ಹರಡ್ತಾ ಇತ್ತು. ಬಲಗೈಯಲ್ಲಿ ಹಗ್ಗ ಎಳೆಯೋ ಯಂತ್ರದ ಕಬ್ಬಿಣದ ಹಿಡಿ. ನಾವು ಊಟಕ್ಕೆ ಕೂತಿದ್ದೆವು. ಮೊಮ್ಮಗಳೂ ಇದ್ದಳು.

ಜೇಬಿನಿಂದ ಫೋನು ತೆಗೆದು ಅಣ್ಣನ ತಟ್ಟೆಯೊಳಗೆ ಇಟ್ಟ. ಅನ್ನದ ಮೇಲೆ. ಹಸಿರು ಚುಕ್ಕೆ. ಹೊಸ ಜಾಗ.

"ಅಲ್ಲಿ ಕೆಂಪು ಇತ್ತು ಅಣ್ಣಾ. ಹೋದ ವಾರದ ತನಕ ಇತ್ತು. ಈ ಹಸಿರು ಅದಕ್ಕಿಂತ ಕೊಂಚ ಈಚೆಗಿತ್ತು, ನೀನು ಮತ್ತೆ ಅಳೆದು ಸರಿ ಮಾಡಿದ್ದೀಯ, ಬಂಡೆ ಇನ್ನೂ ಆಚೆ ಇರಬೇಕು ಅಂದುಕೊಂಡೆ. ನಿನ್ನ ಗುರುತು ನಂಬಿದೆ ಕಣೋ."

ದೊಡ್ಡವನು ಬಾಯಿ ತೆರೆದ. ಏನೋ ಹೇಳೋನಿದ್ದ. ಕಬ್ಬಿಣ ಬಾಯಿಗೇ ಬಿತ್ತು.

ಎರಡನೇ ಏಟು ದವಡೆಗೆ. ಮೂರನೆಯದು ಕಿವಿಗೆ. ದೊಡ್ಡವನು ಕೈ ಎತ್ತಲಿಲ್ಲ. ಇಷ್ಟು ದೊಡ್ಡ ದೇಹ, ಒಂದೇ ಕೈಯ ತಮ್ಮ, ದೂಡಿದ್ದರೆ ಬೀಳ್ತಿದ್ದ. ದೂಡಲಿಲ್ಲ. ಕೂತಲ್ಲೇ ಕೂತು ತಿಂದ. ಹಲ್ಲು ತಟ್ಟೆಗೆ ಬಿತ್ತು, ಟಣ್ ಅಂತು. ನಾನು ಒಲೆ ಮೇಲಿನ ಬಾಣಲೆ ತೆಗೆದು ಚಿಕ್ಕವನ ಬೆನ್ನಿಗೆ ಬಾರಿಸಿದೆ. ನನ್ನ ಹೊಟ್ಟೇಲಿ ಹುಟ್ಟಿದವನ ಬೆನ್ನು. ಚರ್ಮ ಸುಟ್ಟ ವಾಸನೆ ಬಂತು. ಅವನು ತಿರುಗಿ ನೋಡಿದ.

"ನೀನೂ ಅವನ ಕಡೇನೇನಮ್ಮಾ?"

ಅಲ್ಲ ಕಣೋ, ನಾನೇ ಕಣೋ ಅಂತ ಹೇಳೋಕೆ ಅದಕ್ಕಿಂತ ಒಳ್ಳೆ ಹೊತ್ತು ಇರಲಿಲ್ಲ. ಹೇಳಲಿಲ್ಲ.

ತಾ. 25, ಮಂಗಳವಾರ

ಚಿಕ್ಕವನು ಪೊಲೀಸರ ಕೈಲಿ. ದೊಡ್ಡವನು ಆಸ್ಪತ್ರೆಯಲ್ಲಿ. ದವಡೆಗೆ ತಂತಿ ಬಿಗಿದಿದ್ದಾರೆ. ಕೊಳವೆಯಲ್ಲಿ ಗಂಜಿ ಕುಡೀತಾನೆ. ಒಂದು ಕಿವಿ ಹೋಯ್ತು.

ಇನ್ಸ್‌ಪೆಕ್ಟರ್ ಬಂದಿದ್ದ. ಕೆಂಪು ಅಳಿಸಿದ್ದು ಯಾರು ಅಂದ. ದೊಡ್ಡವನು ಕಾಗದದ ಮೇಲೆ ಬರೆದ — ನಾನೇ. ಯಾರ ಯೋಚನೆ? ಮತ್ತೆ ಬರೆದ — ನನ್ನದೇ. ಬರೆದು ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಚಿದ.

ಚಿಕ್ಕವನನ್ನೂ ಕೇಳಿದರಂತೆ. ಚುಕ್ಕೆ ನಿನ್ನ ಫೋನಿಗೆ ಹೇಗೆ ಬಂತು? ನಾನೇ ಕದ್ದೆ ಅಂದನಂತೆ. ಹೇಗೆ ಕದ್ದೆ? ಕಳ್ಳನಿಗೆ ದಾರಿ ಕೇಳ್ತೀರಾ ಸಾರ್ ಅಂದನಂತೆ.

ಮೊನ್ನೆ ಶನಿವಾರ ಬಿಟ್ಟರೆ ಚಿಕ್ಕವನು ಈ ಮನೆ ಮೆಟ್ಟಿಲು ಹತ್ತಿ ಮೂರು ವರ್ಷ. ಟ್ಯಾಬು ಮುಟ್ಟಿದವನೇ ಅಲ್ಲ.

ಬರೋ ದಾರಿಯಲ್ಲಿ ರಿಪೇರಿ ಅಂಗಡಿಗೆ ಹೋದೆ. ಬಲಗೈಗೆ ಪಟ್ಟಿ. ಎಡಗೈಯಲ್ಲಿ ಸ್ಕ್ರೂ ತಿರುಗಿಸೋಕೆ ಹೆಣಗ್ತಿದ್ದ. ತಪ್ಪಾಯ್ತಪ್ಪಾ ಅಂದೆ. ತಲೆ ಎತ್ತದೆ ಹೇಳಿದ — "ಬೆಳಕಿಗೆ ಅಡ್ಡ ನಿಂತಿದ್ದೀರಿ ಅಜ್ಜಿ."

ತಾ. 27, ಗುರುವಾರ. ಬೆಳಿಗ್ಗೆ

ಮೊಮ್ಮಗಳು ಐದು ದಿನದಿಂದ ಅನ್ನ ಮುಟ್ಟಿಲ್ಲ, ಕೆಲಸಕ್ಕೆ ಹೋಗಿಲ್ಲ. ಫೋನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದಾಳೆ. ಗೋಡೆ ಕಡೆ ಮುಖ. ತಲೆ ಸವರಿದೆ. ಕೈ ತಳ್ಳಿದಳು.

ಇನ್ನು ಮುಂದಿನದು ನಿನಗೆ. ಯಾರೇ ಆಗಿರು ಅನ್ನೋ ನಾಟಕ ಸಾಕು. ಜಿರಳೇ, ನಿನಗೇ ಹೇಳ್ತಿರೋದು.

ಭಾನುವಾರ ಭಾನುವಾರ ಚಿಕ್ಕಪ್ಪನಿಗೆ ಏನು ಒಯ್ದು ಕೊಡ್ತಿದ್ದೆ ಅಂತ ನನಗೀಗ ಗೊತ್ತು. ಚುಕ್ಕೆ ತಾತನ ಗಂಟು, ಇಬ್ಬರು ಮಕ್ಕಳಿಗೂ ಸೇರಬೇಕು ಅಂದುಕೊಂಡೆ ನೀನು. ನ್ಯಾಯವೇ. ನಾನು ಮಾಡಬೇಕಿದ್ದ ಪಾಲು ನೀನು ಮಾಡಿದೆ. ಕೆಂಪು ಹೋಗಿ ಹಸಿರು ಆಗಿದ್ದು ನಿನಗೆ ಗೊತ್ತಿರಲಿಲ್ಲ. ಇದೂ ಗೊತ್ತು. ಹನ್ನೆರಡನೇ ತಾರೀಕಿನ ಪುಟ ತೆಗೆದು ಓದು. ಇಷ್ಟು ದಿನ ಅದು ಹಿಟ್ಟಿನ ಡಬ್ಬದಲ್ಲಿತ್ತು. ಹದಿನೈದರ ಶನಿವಾರ ನೀನು ಹಾಸಿಗೆ ಮಗುಚಿದ್ದು ಅದಕ್ಕೇ ತಾನೇ. ಪುಸ್ತಕ ಹಳೇ ಜಾಗದಲ್ಲೇ ಇದ್ದಿದ್ದರೆ ನೀನು ಅವತ್ತೇ ಓದ್ತಿದ್ದೆ. ಓದಿದ್ದರೆ ಭಾನುವಾರ ಓಡಿ ಹೋಗಿ ಹೇಳ್ತಿದ್ದೆ. ಸಿಳ್ಳೆ ಇವತ್ತು ಬಂದರಿನಲ್ಲಿ ಬಲೆ ಒದರ್ತಾ ಇರ್ತಿದ್ದ.

ಕದ್ದು ಓದಬೇಡ ಅಂತ ಬೈದೆನಲ್ಲ. ಓದಬೇಕಿತ್ತು ಕಣೇ.

ಒಂದನೇ ತಾರೀಕು ನನ್ನನ್ನು ಕೋರ್ಟಿಗೆ ಕರೆದಿದ್ದಾರೆ, ಸಾಕ್ಷಿಗೆ. ಬೋನು ಇಡಿಸಿದವಳು ನಾನು ಅಂತ ಹೇಳ್ತೀನಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹೇಳಿದ ಮೇಲೆ ವಕೀಲ ಕೇಳ್ತಾನೆ, ಚುಕ್ಕೆ ಆ ಮನೆಗೆ ಹೋದದ್ದು ಯಾರ ಕೈಲಿ ಅಂತ. ನಿನ್ನ ಹೆಸರು ಹೇಳಲೋ, ಗೊತ್ತಿಲ್ಲ ಅನ್ನಲೋ. ಚಿಕ್ಕವನನ್ನು ನಾನೇ ಕದ್ದೆ ಅನ್ನೋ ಸುಳ್ಳಿನ ಕೆಳಗೆ ಬಿಟ್ಟು ದೊಡ್ಡವನನ್ನು ಹೊರಗೆ ತರೋದು ಹೇಗೆ ಅಂತ ನನಗೆ ತಿಳೀತಿಲ್ಲ. ಮೂರನೇ ಕ್ಲಾಸಿನಲ್ಲಿ ಇದು ಕಲಿಸಲಿಲ್ಲ. ನೀನು ಹೇಳು.

ಪುಸ್ತಕ ಮತ್ತೆ ಹಾಸಿಗೆ ಕೆಳಗೆ ಇಡ್ತಿದ್ದೀನಿ. ಕೂದಲು ಇಟ್ಟಿಲ್ಲ. ಪೆನ್ಸಿಲ್ ಕೆತ್ತಿ ಇಟ್ಟಿದ್ದೀನಿ. ಕೈ ತೊಳೆಯೋದು ಬೇಡ, ಹಾಗೇ ಬಾ. ಮುಂದಿನ ತಿಂಗಳು ಹುಟ್ಟೋದರೊಳಗೆ ಉತ್ತರ ಬರಿ. ಒಂದು ಸಾಲು ಸಾಕು. ಇಲ್ಲೇ, ಇದರ ಕೆಳಗೆ —