ಯಾರ ರೊಕ್ಕ ಎಂದು ನಾನೂ ಕೇಳಿದ್ದೆ

ಮಾನ್ವಿ
16 ನವೆಂಬರ್ 2025, ಭಾನುವಾರ

ನನ್ನ ಪ್ರಸಾದನಿಗೆ, ನಿನ್ನ ಅವ್ವ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀ ತಮ್ಮಾ? ಕಣ್ಣುರಿ ಕಡಿಮೆಯಾಯಿತೇ? ಭತ್ತ ಕೊಯ್ಯುವ ಮಷೀನಿನ ಮೇಲೆ ಕುಳಿತವನಿಗೆ ಹೊಟ್ಟಿನ ಧೂಳು ಎದೆಗೆ ಇಳಿಯುತ್ತದೆ ಎಂದು ನಿಮ್ಮ ಮಷೀನಿನ ಮಾಲಕರು ಸತ್ತಾರ್ ಸಾಬರು ಹೇಳಿದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ನಿನಗೆ ನಾಚಿಕೆಯಂತೆ, ಜೊತೆಯ ಹುಡುಗರು ನಗುತ್ತಾರಂತೆ. ನಗಲಿ ಬಿಡು, ಕೆಮ್ಮು ಬಂದರೆ ಅವರೇನು ಹಂಚಿಕೊಳ್ಳುವುದಿಲ್ಲ. ಮಿರ್ಯಾಲಗೂಡದ ಕಡೆ ಅನ್ನಕ್ಕೆ ಖಾರ ಜಾಸ್ತಿ ಹಾಕುತ್ತಾರೆಂದು ಕೇಳಿದ್ದೇನೆ. ನಿನ್ನ ಹೊಟ್ಟೆ ಮೊದಲೇ ಸೂಕ್ಷ್ಮ, ಮಜ್ಜಿಗೆ ಸಿಕ್ಕರೆ ಬಿಡಬೇಡ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಅಜ್ಜಿಯ ಮೊಣಕಾಲಿಗೆ ಚಳಿಗಾಲ ಬಂತೆಂದು ಕ್ಯಾಲೆಂಡರಿಗಿಂತ ಮೊದಲೇ ಗೊತ್ತಾಗಿದೆ. ಉಮಾಶ್ರೀ ಎರಡು ದಿನದ ರಜೆಗೆ ಬಂದಿದ್ದಾಳೆ. ಎಲ್ಲಿಂದ ಬಂದಿದ್ದಾಳೆಂದು ಆಮೇಲೆ ಹೇಳುತ್ತೇನೆ, ಅದು ಈ ಕಾಗದದ ಸಂತೋಷದ ಭಾಗ.

ಫೋನಿನಲ್ಲಿ ನನ್ನ ದನಿ ಕೇಳಿದರೆ ನೀನು ಇಟ್ಟುಬಿಡುತ್ತೀ. ಬೇಜಾರಿಲ್ಲ. ಸತ್ತಾರ್ ಸಾಬರು ಮಷೀನಿನ ಬೆಲ್ಟು ಒಯ್ಯಲು ಸಿರವಾರಕ್ಕೆ ಬಂದವರು, ನಾಳೆ ತಿರುಗಿ ನಿನ್ನ ಹತ್ತಿರ ಹೊರಟಿದ್ದಾರೆ. ನಾಳೆ ಬೆಳಿಗ್ಗೆ ಬಂದು ಕಾಗದ ಒಯ್ಯುತ್ತೇನೆ, ಅವನ ಕೈಯಲ್ಲೇ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ಕಾಗದಕ್ಕೆ ದನಿಯಿಲ್ಲ, ನಡುವೆ ಎದ್ದು ಹೋಗದೆ ಪೂರ್ತಿ ಓದು.

ಮೊದಲು ದೊಡ್ಡ ಸುದ್ದಿ. ಮಂಗಳವಾರ ರಾಯಚೂರಿನ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಚನ್ನವೀರನೇ ನಿನ್ನ ಅಪ್ಪನನ್ನು ಕೊಂದದ್ದು ಎಂದು ತೀರ್ಪು ಓದಿದರು. ಗುರುವಾರ ಜೀವಾವಧಿ ಶಿಕ್ಷೆ ಹೇಳಿದರು. ನಾನು ಕುಣಿಯುತ್ತೇನೆ ಅಥವಾ ಅಳುತ್ತೇನೆ ಎಂದುಕೊಂಡಿದ್ದೆ, ಎರಡೂ ಆಗಲಿಲ್ಲ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಯಾರೋ ಎರಡು ಕೈ ಕೊಟ್ಟು ಇಳಿಸಿದ ಹಾಗಾಯಿತು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತೆ. ನಿನ್ನ ಗುರುಸಿದ್ದ ಮಾವ ದೇವದುರ್ಗದಿಂದ ಬಂದಿದ್ದ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಎರಡು ಪೊಟ್ಟಣ ತಿಂದೆ. ನಿನ್ನ ಅಪ್ಪ ಹೋದ ಮೇಲೆ ರುಚಿ ತಿಳಿದು ತಿಂದದ್ದು ಅಂದೇ.

ಇನ್ನು ನೀನು ಕೇಳದೆ ಹೋದ ಮಾತು. ಕಳೆದ ವರ್ಷ ನೀನು ಹೊಸ್ತಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದೆ: "ರಾಯಚೂರಿಗೆ ಹೋಗಿ ಸಹಿ ಮಾಡಿ ಬಂದಿ ಹೌದಿಲ್ಲ?" ನಾನು ಹೌದು ಎಂದೆ. ಅದರ ಮುಂದಿನ ಮಾತು ನನ್ನ ಬಾಯಲ್ಲಿರುವಾಗಲೇ, "ಅಪ್ಪನ ಹೆಣ ಮಾರಿದಿ ಯವ್ವಾ" ಎಂದು ನಡೆದುಬಿಟ್ಟೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಿನಗೆ ಏನು ಹೇಳಿದ್ದರು ಎಂದು ಆಮೇಲೆ ತಿಳಿಯಿತು. ಹಂಪಣ್ಣನ ಹೆಂಡತಿ ಚನ್ನವೀರನ ಕಡೆಯವರಿಂದ ರೊಕ್ಕ ತಗೊಂಡು ರಾಜಿ ಮಾಡಿಕೊಂಡಳು ಎಂದಲ್ಲವೇ? ಆ ಮಾತು ಹೇಗೆ ಹುಟ್ಟಿತು, ನಾನು ಸಹಿ ಮಾಡಿದ್ದು ಯಾವುದಕ್ಕೆ ಎಂದು ಈಗ ಮೊದಲಿನಿಂದ ಹೇಳುತ್ತೇನೆ.

ನಿನ್ನ ಅಪ್ಪ ಹೋದ ಆ ಬೆಳಗಿನ ಮಾತು ನಿನಗೆ ಗೊತ್ತಿದೆ. ಆದರೆ ನನ್ನ ಕಣ್ಣಿನಿಂದ ನೀನು ಎಂದೂ ಕೇಳಿಲ್ಲ. ಕಾಲುವೆಯ ಗ್ಯಾಂಗ್‌ಮನ್ ಎಂದರೆ ಎರಡೂ ಕಡೆ ಬೈಸಿಕೊಳ್ಳುವ ಕೆಲಸ. ತೂಬು ಮುಚ್ಚಿದರೆ ಮೇಲಿನ ಹೊಲದವರು ಬೈಯುತ್ತಾರೆ, ತೆರೆದಿಟ್ಟರೆ ಕೊನೆಭಾಗದವರು ಬೈಯುತ್ತಾರೆ. ಅದೂ ಗುತ್ತಿಗೆಯ ಕೆಲಸ, ಪಿಂಚಣಿಯಿಲ್ಲ, ಗಟ್ಟಿಯಿಲ್ಲ. ಆದರೂ ನಿನ್ನ ಅಪ್ಪ ಯಾರ ನೀರಿನ ಪಾಳಿಯನ್ನೂ ತಪ್ಪಿಸಿದವರಲ್ಲ. ಆ ವರ್ಷ ಬೇಸಿಗೆ ಬೆಳೆಗೆ ನೀರು ಕಡಿಮೆ ಬಿಟ್ಟಿದ್ದರು. ಕೊನೆಭಾಗದ ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಹಳದಿಯಾಗಿ ನಿಂತಿತ್ತು. ಮೇಲಿನ ಹೊಲದ ಚನ್ನವೀರ ತನ್ನ ಪಾಳಿ ಮುಗಿದರೂ ತೂಬಿನ ಬಾಗಿಲು ಇಳಿಯದಂತೆ ಕಲ್ಲು ಕೊಟ್ಟು ನೀರು ತಿರುಗಿಸಿಕೊಂಡಿದ್ದ. ನಿನ್ನ ಅಪ್ಪ ಎರಡು ಸಲ ಸಮಾಧಾನದಿಂದ ಹೇಳಿ ಬಂದಿದ್ದರು. ಮೂರನೆಯ ದಿನ ಬೆಳಿಗ್ಗೆ ತಾವೇ ಕಲ್ಲು ಕಿತ್ತು ತೂಬು ಇಳಿಸಿದರು. ನಾನು ಬುತ್ತಿ ಹಿಡಿದು ಏರಿಯ ಮೇಲೆ ಬರುತ್ತಿದ್ದೆ. ಚನ್ನವೀರ ಸಲಿಕೆ ಎತ್ತಿದ್ದು ಕಂಡೆ, ಇಳಿಸಿದ್ದೂ ಕಂಡೆ. ನೀನು ಅವರನ್ನು ಗಾಡಿಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ರಾಯಚೂರಿಗೆ ಒಯ್ದೆ. ಕಲ್ಲೂರು ದಾಟುವಾಗ ಅವರ ಕೈ ತಣ್ಣಗಾಯಿತು ಎಂದು ನೀನು ಹೇಳಿದ್ದು ಒಂದೇ ಸಲ. ಆ ತಣ್ಣನೆಯನ್ನು ನೀನು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೀ ಎಂದು ನನಗೆ ಗೊತ್ತು. ಆದರೆ ಇದನ್ನೂ ಕೇಳು: ಆ ವರ್ಷ ಕೊನೆಭಾಗದ ಭತ್ತ ಉಳಿಯಿತು. ಅವರು ಇಳಿಸಿದ ತೂಬನ್ನು ಆಮೇಲೆ ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ.

ಆಮೇಲೆ ನಾನೂ ಉಮಾಶ್ರೀಯೂ ಕೆಲವು ತಿಂಗಳು ದೇವದುರ್ಗದ ತವರುಮನೆಯಲ್ಲಿ ಇದ್ದೆವಲ್ಲ, ಆಗ ಚನ್ನವೀರನ ಕಡೆಯ ಹಿರಿಯರು ಗುರುಸಿದ್ದನ ಮನೆಗೆ ಬಂದರು. ಬಂದವರಿಗೆ ಚಾ ಕೊಡದೆ ಕಳಿಸುವ ಮನೆಯಲ್ಲ ಅದು, ಕೊಟ್ಟರು. ನಾನು ಕಂಡದ್ದನ್ನು ಕೋರ್ಟಿನಲ್ಲಿ ಹೇಳದಿದ್ದರೆ ಸಾಕು, ಉಮಾಶ್ರೀಯ ಮದುವೆಯ ಖರ್ಚು ತಮ್ಮದು, ಕಾಲುವೆ ಕೆಳಗಿನ ತಮ್ಮ ಹೊಲವನ್ನೂ ನಮಗೆ ಬರೆದುಕೊಡುತ್ತೇವೆ ಎಂದರು. ಗುರುಸಿದ್ದ ನನ್ನ ಮುಖ ನೋಡಿದ. ನಾನು ಬಾಗಿಲಿಗೆ ಬಂದು ನಿಂತು ಹೇಳಿದೆ: "ತೂಬಿನ ಬಾಯಿ ಮುಚ್ಚಾಕ ಹೋಗಿ ಸತ್ತಾವನ ಹೆಂಡ್ತಿ ನಾನು. ನನ್ನ ಬಾಯಿ ಮುಚ್ಚಸಾಕ ನಿಮ್ಮ ಕೈಲಿ ಆಗಂಗಿಲ್ಲರೀ, ಹೋಗಿ ಬರ್ರಿ." ಅವರು ಎದ್ದು ಹೋದರು. ಆದರೆ ಮಾನ್ವಿಗೆ ಬಂದು, ಮನೆಯೊಳಗೆ ಕೂಡಿಸಿ ಚಾ ಕೊಟ್ಟರು, ಮಾತು ಮುಗಿದಂಗ ಎಂದು ಹಬ್ಬಿಸಿದರು. ಆ ಒಂದು ಚಾ ನಮ್ಮ ಮನೆಯನ್ನು ಎರಡು ಮಾಡಿತು.

ಅದೇ ದಿನಗಳಲ್ಲಿ ಕೇಸಿನ ಇನ್‌ಸ್ಪೆಕ್ಟರ್, ರಾಯಚೂರಿನ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಕೊಲೆಯಾದವರ ಮನೆಯವರಿಗೆ ಸರಕಾರದ ಪರಿಹಾರ ಅಲ್ಲಿ ಸಿಗುತ್ತದೆ, ಹೋಗಿ ಕೇಳಿ ಎಂದರು. ನನಗೆ ಪರಿಹಾರ ಎಂಬ ಮಾತೇ ಹಿಡಿಸಲಿಲ್ಲ. ಹೋದ ಮನುಷ್ಯನಿಗೆ ಪರಿಹಾರ ಎಲ್ಲಿಯದು? ಆದರೆ ಉಮಾಶ್ರೀ ಕಾಲೇಜು ಬಿಟ್ಟು ಗುರುಸಿದ್ದನ ಮನೆಯ ಮುಸುರೆ ತಿಕ್ಕುತ್ತಿದ್ದಳು, ಇಲ್ಲಿ ಅಜ್ಜಿ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದಳು. ಗುರುಸಿದ್ದನನ್ನು ಕರೆದುಕೊಂಡು ಹೋದೆ. ಅಲ್ಲಿ ಅಹಲ್ಯಾಬಾಯಿ ಎಂಬ ವಕೀಲರು ನಮ್ಮ ಪಾಲಿಗೆ ಬಂದರು. ಪ್ರಾಧಿಕಾರದವರೇ ನೇಮಿಸಿದವರು, ಫೀಸಿಲ್ಲ. ಬಿಳಿಕೂದಲ ಹೆಣ್ಣುಮಗಳು, ಮಾತು ಕಡಿಮೆ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ್ದು ನಿನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ, ಪ್ರಸಾದ.

"ಈ ರೊಕ್ಕ ಯಾರದ್ದರೀ? ಚನ್ನವೀರಂದಾದ್ರ ನನಗ ಬ್ಯಾಡ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಅವಂದು ಒಂದು ಪೈಸಾನೂ ಇದರಾಗಿಲ್ಲವಾ. ಇದು ಸರಕಾರದ್ದು. ನಿಮ್ಮ ಯಜಮಾನರ ಜೀವಾ ಕಾಯೋದು ಸರಕಾರದ ಕೆಲಸ ಇತ್ತು, ಆಗಲಿಲ್ಲ. ಅದಕ್ಕ ಅವರ ನೆರಳಿನಾಗ ಇದ್ದ ಮಂದಿನ್ನ ಕೈಬಿಡಬಾರದು ಅಂತ ಕೊಡೋದು. ಕೊಂದಾವ ಯಾರಂತ ಗೊತ್ತಾಗದಿದ್ರೂ ಕೊಡ್ತಾರ. ಕೇಸು ತನ್ನ ಪಾಡಿಗೆ ತಾ ನಡೀತದ. ನೀವು ಕಂಡದ್ದು ಕಂಡಂಗ ಹೇಳ್ರಿ."

ನಾನು ಮತ್ತೆ ಕೇಳಿದೆ, ಇದನ್ನು ತಗೊಂಡರೆ ಅವನಿಗೆ ಕ್ಷಮೆ ಕೊಟ್ಟಂತೆ ಆಗುವುದಿಲ್ಲವೇ ಎಂದು. ಇಲ್ಲ ಎಂದರು. ಆಗ ಸಹಿ ಮಾಡಿದೆ. ನೀನು ಹೊಸ್ತಿಲಲ್ಲಿ ಕೇಳಿದ ಸಹಿ ಅದು. ಅದರಲ್ಲಿ ಚನ್ನವೀರನ ನೆರಳೂ ಇರಲಿಲ್ಲ.

ಆಮೇಲೆ ಓಡಾಟ ಬಹಳವಾಯಿತು. ಪೊಲೀಸರ ವರದಿ ಬೇಕು, ಆಸ್ಪತ್ರೆಯದು ಬೇಕು, ನಾವು ಅವರನ್ನೇ ನಂಬಿ ಬದುಕಿದ್ದೆವು ಎಂಬುದಕ್ಕೆ ತಹಸೀಲ್ದಾರರ ಕಾಗದ ಬೇಕು. ಬೇಸತ್ತು ಬಿಟ್ಟುಬಿಡೋಣ ಎಂದುಕೊಂಡ ದಿನಗಳೂ ಇದ್ದವು. ನಾನು ಬಿಟ್ಟರೂ ಅಹಲ್ಯಾಬಾಯಿ ಬಿಡಲಿಲ್ಲ, ಫೋನು ಮಾಡಿ ಕರೆಸಿಕೊಳ್ಳುತ್ತಿದ್ದರು. ಈ ವರ್ಷ ಮುಂಗಾರಿನಲ್ಲಿ ಮಂಜೂರಾಯಿತು. ಅಜ್ಜಿಯ ಪಾಲನ್ನೂ ಉಮಾಶ್ರೀಯ ಪಾಲಿನ ಒಂದಷ್ಟನ್ನೂ ಅವರವರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇಡಿಸಿದ್ದಾರೆ, ಯಾವ ನೆಂಟನೂ ಕೈಹಾಕುವಂತಿಲ್ಲ. ನನ್ನ ಪಾಲು ಜಮೆಯಾದ ದಿನ ಬ್ಯಾಂಕಿನಿಂದ ನೇರ ಮನೆಗೆ ಬಂದು, ನಿನ್ನ ಅಪ್ಪನ ಫೋಟೋದ ಮುಂದೆ ಕುಳಿತೆ. ಇದು ನಿಮ್ಮ ಬೆಲೆಯಲ್ಲ, ಇವರನ್ನು ನಡುನೀರಿನಲ್ಲಿ ಬಿಟ್ಟು ಹೋದೆನಲ್ಲ ಎಂಬ ನಿಮ್ಮ ಚಿಂತೆ ಒಂದು ಕಳೆಯಿತು ಎಂದೆ. ಅಜ್ಜಿ ಒಳಗಿನಿಂದ, "ಯಾರ ಕೂಡ ಮಾತಾಡಾಕತ್ತೀ ಬೇ?" ಎಂದಳು. ನಿಮ್ಮ ಮಗನ ಕೂಡ ಎಂದೆ. "ಉಂಡಾನೇನ ಕೇಳು" ಎಂದಳು. ಇಬ್ಬರೂ ಅತ್ತೆವು, ಆಮೇಲೆ ಯಾಕೋ ಇಬ್ಬರಿಗೂ ನಗು ಬಂತು.

ಈಗ ಸಂತೋಷದ ಭಾಗ. ಉಮಾಶ್ರೀ ರಾಯಚೂರಿನಲ್ಲಿ ನರ್ಸಿಂಗ್ ಸೇರಿದ್ದಾಳೆ. ಹಾಸ್ಟೆಲಿನಲ್ಲಿದ್ದಾಳೆ, ಬಿಳಿ ಕೋಟು ಹಾಕಿಕೊಂಡು ತೆಗೆಸಿದ ಫೋಟೋ ಈ ಕಾಗದದ ಜೊತೆ ಇಟ್ಟಿದ್ದೇನೆ. ಇಂಜೆಕ್ಷನ್ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದವಳು ಈಗ ಅಜ್ಜಿಯ ಬಿ.ಪಿ. ನೋಡಿ ಗಂಭೀರವಾಗಿ ತಲೆ ಆಡಿಸುತ್ತಾಳೆ. ನಾನು ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದೇನೆ. ಬಿಡು ಎಂದು ಗುರುಸಿದ್ದ ಹೇಳುತ್ತಾನೆ, ನಾನು ಬಿಡುವುದಿಲ್ಲ. ಮಕ್ಕಳ ಗದ್ದಲದಲ್ಲಿ ಹಗಲು ಕಳೆದದ್ದು ತಿಳಿಯುವುದಿಲ್ಲ.

ಕೋರ್ಟಿನ ಕಟಕಟೆಯ ಮಾತೊಂದು ನೀನು ಕೇಳಲೇಬೇಕು. ಸಾಕ್ಷಿ ಹೇಳುವಾಗ ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎದುರಿಗೆ ಚನ್ನವೀರ, ತಲೆ ತಗ್ಗಿಸಿ ನಿಂತಿದ್ದ. ಅವನ ವಕೀಲರು ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದರು: "ಸರಕಾರದಿಂದ ಪರಿಹಾರ ತಗೊಂಡೀರಿ. ಅದು ಸಿಗಲಿ ಅಂತನ ಇವರ ಹೆಸರು ಹೇಳಾಕತ್ತೀರಿ, ಹೌದಲ್ಲರೀ?" ಊರಿನವರು ಹಿಂದೆ ಕುಳಿತಿದ್ದರು, ನಿನಗೆ ಹೋಟೆಲಿನಲ್ಲಿ ಹೇಳಿದವನೂ ಇದ್ದ. ನಾನು ಹಿಡಿದಿದ್ದ ಕಟ್ಟಿಗೆ ಬಿಟ್ಟು ನೆಟ್ಟಗೆ ನಿಂತೆ.

"ಕೊಂದಾವ ಯಾರಂತ ಗೊತ್ತಾಗದಿದ್ರೂ ಆ ರೊಕ್ಕ ಕೊಡ್ತಿದ್ರರೀ," ಎಂದೆ. "ಅದಕ್ಕ ನಾ ಯಾರ ಹೆಸರೂ ಹೇಳಬೇಕಾಗಿರಲಿಲ್ಲ. ಕಣ್ಣಾರೆ ಕಂಡೀನಿ, ಅದಕ್ಕ ಹೇಳಾಕತ್ತೀನಿ."

ಜಡ್ಜ್ ಸಾಹೇಬರು ಅದನ್ನು ಹಾಗೆಯೇ ಬರೆಸಿದರು. ವಕೀಲರು ಕಾಗದ ಮಡಚಿ ಕುಳಿತರು. ಹೊರಗೆ ಬಂದಾಗ ಹೋಟೆಲಿನಲ್ಲಿ ನಿನಗೆ ಹೇಳಿದ ಅವನೇ ನನ್ನ ಮುಂದೆ ಬಂದು ಕೈಮುಗಿದ. ಇರಲಿ ಬಿಡಪ್ಪ ಎಂದೆ. ಆ ಮಾತನ್ನು ನೀನು ಅಲ್ಲಿ ಕುಳಿತು ಕೇಳಬೇಕಿತ್ತು ಎನ್ನುವುದೊಂದೇ ನನ್ನ ಕೊರತೆ. ನಿನ್ನ ಮೇಲೆ ಸಿಟ್ಟಿಲ್ಲ ತಮ್ಮಾ. ಅಪ್ಪನ ಹೆಸರಿಗಾಗಿ ಅವ್ವನ ಮೇಲೆ ಮುನಿಸಿಕೊಂಡ ಮಗ ನೀನು. ಅಂಥ ಮಗನನ್ನು ಹೆತ್ತದ್ದಕ್ಕೆ ನಾನು ನಾಚಿಕೊಳ್ಳಲೇ?

ನಿನ್ನ ಜೊತೆಯವರಿಗೆಲ್ಲ ನನ್ನ ಶರಣು ಹೇಳು. ಅಜ್ಜಿ ನಿನ್ನ ಹೆಸರು ಹಿಡಿದು ವಿಭೂತಿ ಹಚ್ಚಿಕೊಳ್ಳುತ್ತಾಳೆ, ಉಮಾಶ್ರೀ ನಮಸ್ಕಾರ ಬರೆಯಲು ಹೇಳಿದ್ದಾಳೆ. ಎಲ್ಲಿದ್ದರೂ ಬಸವಣ್ಣ ನಿನ್ನ ಬೆನ್ನಿಗಿರಲಿ, ಹೊತ್ತುಹೊತ್ತಿಗೆ ಅನ್ನ ಸಿಗಲಿ.

ನಿನ್ನ ಅವ್ವ,
ಸುನಂದಾ

ತಾ.ಕ.: ಸೋಮವಾರ ಬೆಳಿಗ್ಗೆ. ಸತ್ತಾರ್ ಸಾಬರು ಬಂದು ಜಗಲಿಯ ಮೇಲೆ ಚಾ ಕುಡಿಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಷ್ಟೊತ್ತು ಬರೆದರೂ ಎದೆಯಲ್ಲಿದ್ದದ್ದು ಕೈಗೆ ಬರಲಿಲ್ಲ. ನೀನು ಹೋದದ್ದು ನನ್ನ ಮೇಲಿನ ಸಿಟ್ಟಿಗೆ ಮಾತ್ರವಲ್ಲ ಎಂದು ನನಗೆ ಗೊತ್ತು. ಚನ್ನವೀರ ಜಾಮೀನಿನ ಮೇಲೆ ಹೊರಗೆ ಬಂದರೆ ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನೀನೇ ನಿನಗೆ ಹೆದರಿ ಊರು ಬಿಟ್ಟೆ. ರಾತ್ರಿ ನೀನು ಹಲ್ಲು ಕಡಿಯುವುದನ್ನು ನಾನು ಕೇಳಿದ್ದೇನೆ. ಈಗ ಅವನು ಹೊರಗೆ ಬರುವುದಿಲ್ಲ. ಬಂದುಬಿಡು, ಇದೇ ಕೊಯ್ಲು ಮುಗಿಸಿ ಸಾಬರ ಗಾಡಿಯಲ್ಲೇ ಬಾ. ಆದರೆ ಚನ್ನವೀರನ ಹೆಂಡತಿ ಅನ್ನಮ್ಮ ಇನ್ನೂ ನಮ್ಮ ಓಣಿಯ ತುದಿಯ ಮನೆಯಲ್ಲೇ ಇದ್ದಾಳೆ, ಆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾಳು? ತೀರ್ಪಿನ ಮರುದಿನ ನಳದ ಹತ್ತಿರ ಅವಳನ್ನು ಕಂಡು ಎಲ್ಲರೂ ಕೊಡ ಎತ್ತಿಕೊಂಡು ಸರಿದರು. ನಾನು ಸರಿಯಲಿಲ್ಲ, ಮೊದಲು ಅವಳು ತುಂಬಿಕೊಳ್ಳಲಿ ಎಂದು ನಿಂತೆ. ಮಾತಾಡಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀನು ಮನೆಗೆ ಬರಬೇಕಾದರೆ ಆ ಬಾಗಿಲ ಮುಂದೆಯೇ ಬರಬೇಕು. ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತವೆ, ನಿನ್ನನ್ನು ಕಂಡರೆ ಹೆದರಿ ಒಳಗೆ ಓಡುತ್ತವೆ. ಓಡಲಿ, ನೀನು ನಿಲ್ಲಬೇಡ. ನಿನ್ನ ಅಪ್ಪನಿಗಾಗಿ ಮಾಡಬೇಕಾದದ್ದೆಲ್ಲ ಆಗಿದೆ, ಮಗನೇ, ನಿನ್ನ ಪಾಲಿಗೆ ಏನೂ ಉಳಿಸಿಲ್ಲ. ಕೈಕಾಲು ತೊಳೆದು ಒಳಗೆ ಬಂದು ಊಟಕ್ಕೆ ಕೂರುವುದೊಂದೇ ಬಾಕಿ.