ಊಟಕ್ಕೆ ಮೊದಲಿನ ನನ್ನ ಸರದಿ

ಪ್ರೀತಿಯ ಆರ್ಲೀನಕ್ಕ,

ಈ ಕಾಗದ ನೋಡಿ ಗಾಬರಿಯಾಗಬೇಡ. ನಾನು ಸತ್ತಿಲ್ಲ, ಜೈಲಿನಲ್ಲೂ ಇಲ್ಲ. ಇಲ್ಲೇ ಥಾಯ್ಲೆಂಡಿನ ಲಂಪಾಂಗ್‌ನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು, ಮೂರು ಹೊತ್ತೂ ಅನ್ನ ತಿಂದು ಗುಂಡಗಾಗಿದ್ದೇನೆ.

ನಿನ್ನೆ ನಮ್ಮ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮಾಡಿದೆವು. ಇಲ್ಲಿಗೆ ಬಂದು ಆರು ವರ್ಷವಾಯಿತು, ಇದೇ ಮೊದಲು. ಮಳೆಗಾಲದಲ್ಲಿ ಮಾವ ತೀರಿಕೊಂಡ ಮೇಲೆ ಮನೆ ಮಂಕಾಗಿತ್ತು. ನನ್ನ ಹೆಂಡತಿ ಬುಪ್ಪಾ ಹಟ ಹಿಡಿದಳು. "ನಮ್ಮ ಹಬ್ಬಕ್ಕೆಲ್ಲ ಮೊದಲ ಪಂಕ್ತೀಲಿ ಕೂತು ತಿಂತೀರಲ್ಲ, ನಿಮ್ಮೂರಲ್ಲಿ ಹಬ್ಬಾನೇ ಇಲ್ವಾ?" ಎಂದಳು.

ಟರ್ಕಿ ಕೋಳಿ ಸಿಕ್ಕಿತು, ಆದರೆ ಮನೆಯಲ್ಲಿ ಓವನ್ ಇಲ್ಲ. ಪಕ್ಕದ ಮನೆಯ ಕಾಮ್ನುವಾನ್ ದೊಡ್ಡ ಮಣ್ಣಿನ ಗುಡಾಣದೊಳಗೆ ಕೆಂಡ ಹಾಕಿ, ಕೋಳಿಗಳನ್ನು ಕೊಕ್ಕೆಗೆ ನೇತುಹಾಕಿ ಸುಟ್ಟು ಮಾರುತ್ತಾನೆ. ನನ್ನ ಟರ್ಕಿ ನೋಡಿ, "ಕೋಳಿ ಅಂದೆ, ಹಂದಿ ತಂದಿದ್ದೀಯಲ್ಲೋ ಮಾರಾಯ!" ಎಂದ. ಅದು ಗುಡಾಣದ ಬಾಯಲ್ಲಿ ಇಳಿಯಲಿಲ್ಲ. ಎರಡು ಹೋಳು ಮಾಡಿದೆವು. ಭಾರಕ್ಕೆ ಒಂದು ಕೊಕ್ಕೆ ನೆಟ್ಟಗಾಗಿ ಅರ್ಧ ಟರ್ಕಿ ಕೆಂಡಕ್ಕೆ ಬಿತ್ತು. ಉಳಿದರ್ಧ ಮಾತ್ರ ಬಲು ಚೆನ್ನಾಗಿತ್ತು. ನೀನು ಮಾಡುತ್ತಿದ್ದ ಕೆಂಪು ಹಣ್ಣಿನ ಗೊಜ್ಜಿಗೆ ಬದಲು ಬುಪ್ಪಾ ಹುಣಸೆಹಣ್ಣಿಗೆ ತಾಳೆಬೆಲ್ಲ ಹಾಕಿ ಕುದಿಸಿದಳು.

ತಿನ್ನುವ ಮೊದಲು ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರೋ ಹೇಳಬೇಕು ಎಂದು ನಾನೇ ಹೇಳಿಕೊಟ್ಟೆ. ಅತ್ತೆ ಮೊದಲು ಮಾವನ ಜಾಗದಲ್ಲಿ ಒಂದು ತಟ್ಟೆ ಅನ್ನ ಇಟ್ಟರು. ಆಮೇಲೆ, "ನಮ್ಮೆಜಮಾನ್ರು ನಲವತ್ತು ವರ್ಷ ನನ್ನ ಖಾರ ತಿಂದ್ರು, ಒಂದಿನ ಮುಖ ಸಿಂಡರಿಸ್ಲಿಲ್ಲ. ಅದಕ್ಕೆ" ಎಂದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕು ಕಣ್ಣೊರೆಸಿಕೊಂಡರು.

ನನ್ನ ಸರದಿ ಬಂತು. ಒಂದು ತಮಾಷೆ ನಾಲಿಗೆ ತುದಿಗೇ ಬಂದಿತ್ತು. ಆ ತಟ್ಟೆ ನೋಡಿದೆ. ಒಹಾಯೋದ ನಿನ್ನ ಮನೆಯ ಆ ಹಬ್ಬ ನೆನಪಾಯಿತು. ವೆಂಡೆಲ್ ಭಾವ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಪ್ರತಿ ವರ್ಷ ಟರ್ಕಿಯ ಒಂದು ಕಾಲು ಭಾವನಿಗೆ, ಒಂದು ನನಗೆ. ನಿಮ್ಮೆಲ್ಲರ ಮುಂದೆ ನಾನು, "ಈ ವರ್ಷ ಟರ್ಕಿಯ ಎರಡು ಕಾಲೂ ನನಗೇ, ದೇವರು ದೊಡ್ಡವನು" ಎಂದುಬಿಟ್ಟಿದ್ದೆ. ನೀನು ಬೈಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ನೀರಿನ ಸದ್ದು ನಿಲ್ಲಲೇ ಇಲ್ಲ. ನಾನು ಕೂತು ಎರಡು ಕಾಲನ್ನೂ ತಿಂದು ಮುಗಿಸಿದೆ. ಒಂದು ಮಾತೂ ಹೇಳದೆ, ಚಳಿಗಾಲ ಕಳೆಯುತ್ತಲೇ ದೇಶ ಬಿಟ್ಟೆ.

ನಿನ್ನೆ ಅದನ್ನೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡು, "ನಮಗ್ಯಾಕೆ ಹೇಳ್ತೀಯ ಅಳಿಯಾ? ಅತ್ತೋಳು ಅವಳು. ಅವಳಿಗೆ ಹೇಳು. ಈಗ ತಿನ್ನು, ಆರಿಹೋಗ್ತಿದೆ" ಎಂದು ಟರ್ಕಿಯ ತಟ್ಟೆ ನನ್ನ ಕಡೆ ತಳ್ಳಿದರು.

ಅದಕ್ಕೇ ಹೇಳುತ್ತಿದ್ದೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಿದರು. ಭಾವ ತಮ್ಮ ಗ್ಯಾರೇಜಿನಲ್ಲಿ ಮಂಚ ಹಾಕಿಕೊಟ್ಟರು. ಓಡುವ ಇಂಜಿನ್ ಮೇಲೆ ನನ್ನ ಅಂಗೈ ಇಡಿಸಿ, "ಎಲ್ಲಿ ನಡುಗ್ತಿದೆ ಹೇಳು" ಎನ್ನುತ್ತಿದ್ದರು. ಈ ಊರಿನಲ್ಲಿ ನಾನು ತಿನ್ನುವ ಅನ್ನವೆಲ್ಲ ಆ ಪಾಠದ್ದೇ. ಅಂಥವರ ಬಗ್ಗೆ ಹಾಗೇಕೆ ಅಂದೆ? ಆರು ವರ್ಷ ಕಾರಣ ಹುಡುಕಿದೆ. ದೊಡ್ಡ ಕಾರಣವೇನೂ ಇಲ್ಲ. ಖಾಲಿ ಕುರ್ಚಿ ನೋಡಿ ಹೆದರಿಕೆಯಾಯಿತು, ಬಾಯಿ ಬಿಟ್ಟೆ. ಅಷ್ಟೇ.

ತಪ್ಪಾಯಿತು, ಅಕ್ಕ.

ಬರುವ ವರ್ಷದ ಹಬ್ಬಕ್ಕೆ ಬರಬೇಕೆಂದಿದ್ದೇನೆ. ಬುಪ್ಪಾ ಜೊತೆಗಿರುತ್ತಾಳೆ. ಬೇಡವೆನ್ನಿಸಿದರೆ ಬೇಡವೆಂದೇ ಬರೆ, ಬೇಜಾರಿಲ್ಲ. ಬಾ ಎಂದರೆ, ಊಟಕ್ಕೆ ಕೂರುವ ಮೊದಲು ಭಾವನ ಸಮಾಧಿಗೆ ಕರೆದುಕೊಂಡು ಹೋಗು. ಮಣ್ಣು ಮಾಡಿದ ದಿನದಿಂದ ನಾನು ಆ ಕಡೆ ಹೋಗಿಲ್ಲ.

ನಿನ್ನ ಮಂಡಿನೋವು ಇಳಿಯಲಿ, ಚಳಿಯಲ್ಲಿ ಮನೆ ಬೆಚ್ಚಗಿರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಬಾಯಿಬಡುಕ ತಮ್ಮ,
ಡ್ವೇನ್