ಶಾಯಿಯಿಲ್ಲದ ಬೆರಳು

ಪ್ರೀತಿಯ ನಾದಿನಿ ವಾಸಂತಿಗೆ,

ನಿನ್ನೆ ಮ್ಯಾಂಚೆಸ್ಟರ್‌ನಲ್ಲಿ ಕೌನ್ಸಿಲ್ ಚುನಾವಣೆ. ಇಲ್ಲಿ ನೆಲೆಸಿದ ಭಾರತೀಯರಿಗೂ ಮತವಿದೆ. ನಿನ್ನ ಅಣ್ಣ ಬದುಕಿದ್ದಷ್ಟು ದಿನ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ, ಅದಕ್ಕೇ ಹೋದೆ. ಮತಪತ್ರ ಕೊಡುವಾಗ ಅಭ್ಯಾಸದಂತೆ ಎಡಗೈ ಬೆರಳು ಚಾಚಿದೆ. ಅಧಿಕಾರಿ ತಬ್ಬಿಬ್ಬಾಗಿ ಕೈಕುಲುಕಿದ! ಇಲ್ಲಿ ಶಾಯಿ ಹಚ್ಚುವುದಿಲ್ಲವಂತೆ.

ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯ ಮುದುಕಿ ಡೊರೀನ್‌ಳನ್ನು, ಫೋಟೋ ಇರುವ ಗುರುತಿನ ಚೀಟಿ ತಂದಿಲ್ಲವೆಂದು ವಾಪಸು ಕಳಿಸಿದರು. ಹೆಂಗಸರಿಗೂ ಮತ ಬೇಕೆಂದು ಆಕೆಯ ಅಜ್ಜಿ ಇದೇ ಊರಿನಲ್ಲಿ ಜೈಲು ಕಂಡವಳು.

“ನಮ್ಮಜ್ಜಿ ಜೈಲಿಗೆ ಹೋದ್ಲು, ನಾನು ಮನೆಗೆ ಹೋಗ್ತೀನಿ, ಬಿಡಮ್ಮ” ಎಂದು ನಕ್ಕಳು. ಕಣ್ಣು ತುಂಬಿತ್ತು.

ನಾನು ಬಿಡಲಿಲ್ಲ. “ನಿಮ್ಮ ಬಸ್ ಪಾಸಲ್ಲಿ ಫೋಟೋ ಇದೆಯಲ್ಲ?” ಎಂದೆ. ಅಧಿಕಾರಿಯನ್ನು ಕೇಳಿದರೆ, ಹಿರಿಯರ ಪಾಸ್ ನಡೆಯುತ್ತದೆ ಎಂದ. ಆಕೆಯ ಮಂಡಿನೋವಿನ ನಡಿಗೆಯಲ್ಲೇ ಮನೆಗೆ ಹೋಗಿ, ಪಾಸ್ ಹುಡುಕಿ ಮತ್ತೆ ಬಂದೆವು. ಮತ ಹಾಕಿ ಹೊರಬಂದವಳು ನನ್ನ ಹಾಗೆಯೇ ಬೆರಳು ಚಾಚಿ ತೋರಿಸಿದಳು.

ನನ್ನ ಬಿಪಿ ಹತೋಟಿಯಲ್ಲಿದೆ, ಈಗೀಗ ರಾತ್ರಿ ನಿದ್ದೆಯೂ ಬರುತ್ತಿದೆ. ಕರೆದೊಯ್ಯಲು ಅಣ್ಣನಿಲ್ಲವೆಂದು ಹೋದ ಸಲ ನೀನು ಮತ ಹಾಕದೆ ಮನೆಯಲ್ಲೇ ಕೂತೆ. ಮುಂದಿನ ಸಲ ಹಾಗೆ ಕೂರಬೇಡ, ನಡೆದುಕೊಂಡೇ ಹೋಗು.

ಕೆಲಸಕ್ಕೆ ಹೊತ್ತಾಯಿತು.
ನಿನ್ನ ಅತ್ತಿಗೆ,
ಭಾಗೀರಥಿ